ಗಿಡ್ಡಕಾಲಿನ ನಾಯಿಗೆ ಬೆಟ್ಟದ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಡ್ಯಾಶ್‌ಹುಂಡ್, ಕಾರ್ಗಿ, ಪಗ್ ಸಾಕಿದವರದೇ ಮೇಲುಗೈ. ಎಲ್ಲರಿಗೂ ನಾಯಿಯ ಜೊತೆ ಬೆಟ್ಟ ಹತ್ತುವ ಆಸೆ, ಒಳಗೊಳಗೇ ಅಳುಕು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಡ್ಯಾಶ್‌ಹುಂಡ್‌ಗೆ ನಾಲ್ಕು ವರ್ಷ, ಒಂಬತ್ತು ಕೆ.ಜಿ. ತೂಕ. ಪಾರ್ಕಿನಲ್ಲಿ ಎಷ್ಟು ಓಡಿದರೂ ಸುಸ್ತಾಗುವುದಿಲ್ಲ. ಶಿವಗಂಗೆಗೆ ಕರೆದುಕೊಂಡು ಹೋಗಬಹುದೇ? ಬೆನ್ನು ಹೋಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ.
ಎಸ್. ಆರ್., ತುಮಕೂರು

ಪಕ್ಕದ ಮನೆಯವರ ಮಾತಿನಲ್ಲಿ ಹುರುಳಿದೆ. ಕಾಲು ಗಿಡ್ಡವಾಗಲು ಕಾರಣವಾದ ವಂಶವಾಹಿ ದೋಷವೇ ಡ್ಯಾಶ್‌ಹುಂಡ್‌ನ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳನ್ನೂ ಬೇಗ ಹಾಳುಮಾಡುತ್ತದೆ. ಬೇರೆ ನಾಯಿಗಳಲ್ಲಿ ಮುಪ್ಪಿನವರೆಗೂ ಲೋಳೆಯಂತೆ ಮೆತ್ತಗಿರುವ ಡಿಸ್ಕ್‌ನ ಒಳಭಾಗ ಇವುಗಳಲ್ಲಿ ಒಂದು ವರ್ಷ ತುಂಬುವ ಹೊತ್ತಿಗೇ ಒಣಗಿ, ಕ್ರಮೇಣ ಸುಣ್ಣಗಟ್ಟತೊಡಗುತ್ತದೆ. ಹಾಗೆ ಗಟ್ಟಿಯಾದ ಡಿಸ್ಕ್ ಒಂದು ದಿನ ಒಡೆದು, ಒಳಗಿನ ತಿರುಳು ಮೇಲಿರುವ ಬೆನ್ನುಹುರಿಯನ್ನು ಒತ್ತುತ್ತದೆ. ಕೊನೆಯ ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಆಸುಪಾಸಿನಲ್ಲಿ ಹೀಗಾಗುವುದು ಹೆಚ್ಚು. ವಯಸ್ಸು ಸಾಮಾನ್ಯವಾಗಿ ಮೂರರಿಂದ ಏಳು. ನಿಮ್ಮ ನಾಯಿ ಸರಿಯಾಗಿ ಆ ವಯಸ್ಸಿನಲ್ಲಿದೆ.

ಹಾಗೆಂದು ಸೋಫಾದ ಮೇಲೆ ಕೂರಿಸಿ ಸಾಕಿದರೆ ಬೆನ್ನು ಉಳಿಯುತ್ತದೆ ಎಂದುಕೊಳ್ಳಬೇಡಿ. ಸೋಫಾದಿಂದ ನೆಲಕ್ಕೆ ದಿನಕ್ಕೆ ಹತ್ತು ಸಲ ಹಾರುವ ದಪ್ಪ ನಾಯಿಗಿಂತ, ಮೈ ತೆಳ್ಳಗಿದ್ದು ದಿನಾ ನಡೆದು ಬೆನ್ನಿನ ಸ್ನಾಯು ಗಟ್ಟಿ ಮಾಡಿಕೊಂಡ ನಾಯಿ ಎಷ್ಟೋ ಮೇಲು. ನಡಿಗೆಯಿಂದ ಬೆನ್ನು ಕೆಡುವುದಿಲ್ಲ. ಕೆಡುವುದು ಜಿಗಿತದಿಂದ, ಮೈ ತಿರುಚುವುದರಿಂದ, ಎಲ್ಲಕ್ಕಿಂತ ಹೆಚ್ಚಾಗಿ ಇಳಿಜಾರಿನಲ್ಲಿ ಒಂದರ ಮೇಲೊಂದರಂತೆ ಬೀಳುವ ಹೊಡೆತದಿಂದ. ಸಮತಟ್ಟಿನಲ್ಲಿ ನಿಂತಾಗಲೇ ನಾಯಿಯ ಭಾರದ ಸುಮಾರು ಶೇ. 60ರಷ್ಟು ಮುಂಗಾಲಿನ ಮೇಲಿರುತ್ತದೆ. ಇಳಿಯುವಾಗ ಅದು ಇನ್ನೂ ಹೆಚ್ಚುತ್ತದೆ, ಉದ್ದ ಬೆನ್ನು ಹಿಂದಿನಿಂದ ನೂಕುತ್ತದೆ. ಜನ ಹತ್ತುವುದಕ್ಕೆ ಹೆದರುತ್ತಾರೆ, ಇಳಿಯುವಾಗ ‘ಇನ್ನೇನು ಇಳಿಜಾರು ತಾನೇ’ ಎಂದು ಹಗ್ಗ ಬಿಡುತ್ತಾರೆ. ನಾವು ಹೇಳುವುದು ತದ್ವಿರುದ್ಧ: ಹತ್ತುವುದನ್ನು ನಾಯಿಗೆ ಬಿಡಿ, ಇಳಿಸುವ ಕೆಲಸ ನಿಮ್ಮದಿರಲಿ.

ಶಿವಗಂಗೆ ನಿಮ್ಮ ನಾಯಿಗೆ ಬೇಡ. ಮೇಲ್ಭಾಗದಲ್ಲಿ ಬಂಡೆಗೆ ಕಡಿದ ಕಡಿದಾದ ಮೆಟ್ಟಿಲು, ಕಬ್ಬಿಣದ ಕಂಬಿ, ರಜಾ ದಿನಗಳಲ್ಲಿ ಜನಜಂಗುಳಿ, ಎಲ್ಲೆಂದರಲ್ಲಿ ಕೋತಿ. ಮೇಲಾಗಿ ಅದು ದೇವಸ್ಥಾನದ ಬೆಟ್ಟ. ಹೆಗಲೆತ್ತರವೇ 20–23 ಸೆಂ.ಮೀ. ಇರುವ ನಾಯಿಗೆ 18 ಸೆಂ.ಮೀ. ಮೆಟ್ಟಿಲೆಂದರೆ ನಿಮಗೆ ಎದೆಮಟ್ಟದ ಗೋಡೆ. ಒಂದು ಸುಲಭದ ಅಳತೆ ಇಟ್ಟುಕೊಳ್ಳಿ. ನಾಯಿ ನಿಂತಾಗ ನೆಲದಿಂದ ಅದರ ಮುಂಗಾಲಿನ ಮೊಣಕೈವರೆಗೆ ಎಷ್ಟಿದೆ ನೋಡಿ, ನಿಮ್ಮ ಕೋಲಿನ ಮೇಲೆ ಅಲ್ಲಿಗೆ ಟೇಪು ಸುತ್ತಿ. ಆ ಗುರುತಿಗಿಂತ ಎತ್ತರದ ಕಲ್ಲೋ ಮೆಟ್ಟಿಲೋ ಬಂದಾಗಲೆಲ್ಲ ಎತ್ತಿ ದಾಟಿಸಿ.

ಆರಂಭಕ್ಕೆ ಬಂಡಿದಾರಿಯೋ ಜೀಪುದಾರಿಯೋ ಇರುವ ಗುಡ್ಡ ಆರಿಸಿ. ಹೋಗಿಬರಲು ಎರಡು–ಮೂರು ಕಿ.ಮೀ., ಏರು ನೂರು ಮೀಟರ್ ಒಳಗೆ ಇರಲಿ. ಹಿಂದಿನ ವಾರದ ದೂರಕ್ಕೆ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಸೇರಿಸಬೇಡಿ. ಇನ್ನು ತೂಕ. ಪಕ್ಕೆಯ ಮೇಲೆ ಕೈಯಾಡಿಸಿದರೆ ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಹಾಗಿಲ್ಲದಿದ್ದರೆ ಮೊದಲು ತೂಕ ಇಳಿಸಿ, ಬೆಟ್ಟ ಎಲ್ಲೂ ಓಡಿಹೋಗುವುದಿಲ್ಲ. ಹಿಂದೆ ಒಮ್ಮೆ ಡಿಸ್ಕ್ ತೊಂದರೆ ಆಗಿರುವ ನಾಯಿಯಾದರೆ ಪಶುವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಏರುದಾರಿ ಬೇಡವೇ ಬೇಡ.

ಹನ್ನೆರಡು ಕೆ.ಜಿ.ಯ ಕಾರ್ಗಿ ಇದೆ. ಸುಸ್ತಾದಾಗ ಹೊರಲು ಯಾವ ಚೀಲ ಒಳ್ಳೆಯದು? ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವ ಯೋಚನೆಯಿದೆ.
ಕೆ. ಎಂ., ಮೈಸೂರು

ಮೊದಲು ಎತ್ತುವ ಕ್ರಮ ಕಲಿಯಿರಿ. ಒಂದು ಕೈ ಎದೆಯ ಕೆಳಗೆ, ಮುಂಗಾಲುಗಳ ಹಿಂದೆ. ಇನ್ನೊಂದು ಕೈ ಹಿಂಭಾಗದ ಕೆಳಗೆ, ತೊಡೆಗೆ ಆಸರೆಯಾಗಿ. ಬೆನ್ನು ನೆಲಕ್ಕೆ ಸಮನಾಗಿರಬೇಕು. ಕಂಕುಳಲ್ಲಿ ಕೈಹಾಕಿ ಮಗುವಿನಂತೆ ಎತ್ತಿದರೆ ಹಿಂಭಾಗದ ಭಾರವೆಲ್ಲ ಬೆನ್ನುಮೂಳೆಯ ಮೇಲೆ ಜೋತುಬೀಳುತ್ತದೆ. ಎದೆಗೆ ಸುತ್ತುವ ಪಟ್ಟಿಯಾದ ಹಾರ್ನೆಸ್‌ನ ಮೇಲಿನ ಹಿಡಿ ಹಿಡಿದು ಸೂಟ್‌ಕೇಸಿನಂತೆ ಎತ್ತುವುದೂ ಅಷ್ಟೇ ತಪ್ಪು. ಆ ಹಿಡಿ ಇರುವುದು ನಾಯಿ ಜಾರದಂತೆ ತಡೆಯಲು. ಇಳಿಸುವಾಗ ನಾಲ್ಕೂ ಕಾಲು ನೆಲಕ್ಕೆ ತಾಗಿದ ಮೇಲೆಯೇ ಕೈ ಬಿಡಿ. ಕೊನೆಯ ಒಂದಡಿಯಲ್ಲಿ ಕೊಸರಿ ಹಾರುವುದು ಈ ನಾಯಿಗಳ ಚಾಳಿ.

ಎದೆಯ ಮುಂದೆ ತೂಗುಹಾಕಿ ಕಾಲು ಇಳಿಬಿಡುವ ಚೀಲಗಳನ್ನು ಕೊಳ್ಳಬೇಡಿ, ಫೋಟೋಗೆ ಮಾತ್ರ ಚೆನ್ನ. ಅಡ್ಡ ಹೆಗಲಿಗೆ ಹಾಕುವ, ತಳ ಗಟ್ಟಿಯಿರುವ, ನಾಯಿ ಮಲಗಿದಂತೆ ಕೂರುವ ಚೀಲ ಒಳ್ಳೆಯದು. ನಾಯಿಯ ಹೆಗಲಿನಿಂದ ಬಾಲದ ಬುಡದವರೆಗೆ ಅಳೆದು ಅದಕ್ಕೆ ಐದು ಸೆಂ.ಮೀ. ಸೇರಿಸಿ, ಚೀಲದ ಒಳಅಳತೆ ಅಷ್ಟಿರಲಿ. ತಳ ಜೋತುಬೀಳುವಂತಿದ್ದರೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಯೋಗ ಮ್ಯಾಟ್ ಕತ್ತರಿಸಿ ಎರಡು ಪದರ ಹಾಕಿ. ಬೆನ್ನಿಗೆ ಹಾಕುವ ನೆಟ್ಟನೆಯ ಚೀಲವಾದರೆ ನಾಯಿಯ ಕುಂಡಿ ತಳಕ್ಕೆ ಕೂತಿರಬೇಕು, ಕಾಲು ಗಂಟೆಗೊಮ್ಮೆ ಇಳಿಸಬೇಕು. ಚೀಲದೊಳಗಿನ ಕೊಕ್ಕೆಯನ್ನು ಹಾರ್ನೆಸ್‌ಗೇ ಸಿಕ್ಕಿಸಿ. ಕೊರಳಪಟ್ಟಿಗೆ ಸಿಕ್ಕಿಸಿದ್ದು ನಾಯಿ ಹೊರಗೆ ಹಾರಿದರೆ ನೇಣಾಗುತ್ತದೆ.

ಈಗ ಲೆಕ್ಕ ಹಾಕಿ. ನಾಯಿ ಹನ್ನೆರಡು, ನೀರು–ತಿಂಡಿ–ಚೀಲ ಮೂರು, ಒಟ್ಟು ಹದಿನೈದು ಕೆ.ಜಿ. ಅರವತ್ತು ಕೆ.ಜಿ. ತೂಕದವರಿಗೆ ಅದು ಮೈಭಾರದ ಕಾಲು ಪಾಲು. ಮೆಟ್ಟಿಲಿಳಿಯುವಾಗ ನಿಮ್ಮ ಮಂಡಿಯೇ ಕೇಳುವುದಿಲ್ಲ. ಆದ್ದರಿಂದ ಇಬ್ಬರು ಹೋಗಿ. ಚಾಮುಂಡಿ ಬೆಟ್ಟಕ್ಕೆ ಒಂದು ಅನುಕೂಲವಿದೆ, ಮೇಲಿನವರೆಗೆ ರಸ್ತೆಯಿದೆ. ಬೆಳಕು ಹರಿದ ಮೇಲೆ ತಗ್ಗು ಮೆಟ್ಟಿಲುಗಳಿರುವಷ್ಟು ದೂರ ಹತ್ತಿಸಿ, ಎತ್ತರದವನ್ನು ಎತ್ತಿ ದಾಟಿಸಿ, ಇಳಿಯಲು ಮನೆಯವರಿಗೆ ಕಾರು ತರಲು ಹೇಳಿ. ನಂದಿಯ ಬಳಿಯ ರಸ್ತೆಗೇ ತರಿಸಿಕೊಂಡರೂ ನಡೆಯುತ್ತದೆ. ಕೋತಿಗಳ ಹಿಂಡಿನ ಹತ್ತಿರ ಹಗ್ಗ ಗಿಡ್ಡ ಮಾಡಿ, ಕೈಯಲ್ಲಿ ತಿಂಡಿಪೊಟ್ಟಣ ಕಾಣಿಸಬೇಡಿ. ಗಿಡ್ಡ ನಾಯಿಯನ್ನು ಕೋತಿ ಲೆಕ್ಕಕ್ಕೇ ಇಡುವುದಿಲ್ಲ.

ಕೊರಳಪಟ್ಟಿ ಸಾಲದೇ? ಹಾರ್ನೆಸ್ ಹಾಕಿದರೆ ಕಂಕುಳು ಕೆಂಪಾಗುತ್ತದೆ.
ಓದುಗರು, ಹಾಸನ

ಸಾಲದು. ಇಳಿಜಾರಿನಲ್ಲಿ ಕೊರಳಪಟ್ಟಿ ಎಳೆದರೆ ಆ ಜಗ್ಗು ಕುತ್ತಿಗೆಯ ಡಿಸ್ಕ್‌ಗೆ ಹೋಗುತ್ತದೆ. ಕೊರಳಪಟ್ಟಿಯಲ್ಲಿ ಫೋನ್ ನಂಬರಿನ ಬಿಲ್ಲೆ ಮಾತ್ರ ಇರಲಿ. ಎದೆಯ ಮೇಲೆ ‘ವೈ’ ಆಕಾರದಲ್ಲಿ ಕೂಡುವ ಹಾರ್ನೆಸ್ ತನ್ನಿ. ಡ್ಯಾಶ್‌ಹುಂಡ್‌ನ ಎದೆಮೂಳೆ ಉದ್ದ, ಎದೆ ಆಳ. ಆದ್ದರಿಂದ ಮಾಮೂಲಿ ಅಳತೆಯಲ್ಲಿ ಹೊಟ್ಟೆಪಟ್ಟಿ ಕಂಕುಳಿಗೇ ಬಂದು ಉಜ್ಜುತ್ತದೆ. ಪಟ್ಟಿ ಮೊಣಕೈಗಿಂತ ಮೂರು–ನಾಲ್ಕು ಸೆಂ.ಮೀ. ಹಿಂದಿರಬೇಕು, ಎಲ್ಲೆಡೆ ಎರಡು ಬೆರಳು ನುಸುಳಬೇಕು. ಹಗ್ಗ ಒಂದೂವರೆ ಮೀಟರ್, ಒಂದೇ ಅಳತೆಯದು. ಗುಂಡಿ ಒತ್ತಿದರೆ ಸುರುಳಿ ಬಿಚ್ಚುವ ಹಗ್ಗ ಬಂಡೆಯ ಮೇಲೆ ಅಪಾಯ, ಐದು ಮೀಟರ್ ಓಡಿದ ನಾಯಿ ಒಮ್ಮೆಗೇ ಜಗ್ಗಿ ನಿಲ್ಲುತ್ತದೆ.

ನಮ್ಮ ಪಗ್ ಅಂತರಗಂಗೆಯ ದಾರಿಯಲ್ಲಿ ಅರ್ಧಕ್ಕೇ ಕೂತುಬಿಟ್ಟಿತು. ಕಾಲು ಗಿಡ್ಡವಾದ್ದರಿಂದಲೇ?
ಜಿ. ವಿ., ಕೋಲಾರ

ಕಾಲನ್ನು ದೂರಬೇಡಿ, ಕಾರಣ ಮೂತಿ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಪಗ್, ಶಿಹ್‌ ತ್ಸು, ಬುಲ್‌ಡಾಗ್‌ಗಳ ಚಪ್ಪಟೆ ಮೂತಿಯಲ್ಲಿ ಗಾಳಿ ಸಲೀಸಾಗಿ ಆಡುವುದಿಲ್ಲ. ಇವನ್ನು ಬೆಟ್ಟಕ್ಕೆ ಒಯ್ಯುವುದನ್ನೇ ಕೈಬಿಡಿ, ತಂಪು ಹೊತ್ತಿನಲ್ಲಿ ಕೆರೆ ಏರಿಯ ಮೇಲೆ ಅರ್ಧ ಗಂಟೆ ಸಾಕು.

ಮೂತಿ ಉದ್ದವಿರುವ ಗಿಡ್ಡಕಾಲಿನವಕ್ಕೂ ಬಿಸಿಲು ಹೆಚ್ಚೇ ತಟ್ಟುತ್ತದೆ. ಹೊಟ್ಟೆಗೂ ನೆಲಕ್ಕೂ ಒಂದು ಗೇಣೂ ಇಲ್ಲ, ಕಾದ ಬಂಡೆಯ ಝಳ ನೇರ ಹೊಟ್ಟೆಗೆ. ಕೋಲಾರ, ಮಧುಗಿರಿ, ರಾಮನಗರದ ಕಡೆಯ ಬೋಳುಬಂಡೆ ಬೇಸಿಗೆಯಲ್ಲಿ ಹತ್ತು ಗಂಟೆಗೇ ಹೆಂಚಾಗಿರುತ್ತದೆ. ಹಿಂಗೈಯನ್ನು ಬಂಡೆಗೆ ಏಳು ಸೆಕೆಂಡ್ ಒತ್ತಿ ಹಿಡಿಯಲಾಗದಿದ್ದರೆ ನಾಯಿಯ ಅಂಗಾಲಿಗೂ ಆಗದು. ಹತ್ತು ಕೆ.ಜಿ. ನಾಯಿಗೆ ಮನೆಯಲ್ಲಿದ್ದರೇ ದಿನಕ್ಕೆ ಅರ್ಧ ಲೀಟರ್‌ಗಿಂತ ತುಸು ಹೆಚ್ಚು ನೀರು ಬೇಕು. ಮೂರು ಗಂಟೆಯ ನಡಿಗೆಗೆ ಅದರ ಪಾಲಿನದೇ ಒಂದು ಲೀಟರ್ ಬೇರೆ ಒಯ್ಯಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ ಕೊಡಿ, ಒಂದೇ ಸಲ ಬಟ್ಟಲು ತುಂಬ ಇಡಬೇಡಿ.

ನಾಲಿಗೆ ಅಗಲವಾಗಿ ಜೋತು, ಒಸಡು ಇಟ್ಟಿಗೆಗೆಂಪಾಗಿ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡತೊಡಗಿದರೆ ಬಿಸಿಲಾಘಾತ ಶುರುವಾಗಿದೆ ಎಂದರ್ಥ. ನಾಯಿಯ ಸಹಜ ಮೈಶಾಖ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಒಳ ಅಂಗಾಂಗ ಕೆಡತೊಡಗುತ್ತವೆ. ಮೊದಲು ತಣಿಸಿ, ಆಮೇಲೆ ಓಡಿ. ನೆರಳಿಗೆ ತಂದು ಇರುವ ನೀರನ್ನೆಲ್ಲ ಮೈಮೇಲೆ, ಹೊಟ್ಟೆ–ತೊಡೆಸಂದಿಗೆ ಸುರಿದು ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಕಾದು ಕಂಬಳಿಯಾಗುತ್ತದೆ. ಶಾಖ 39.5ಕ್ಕೆ ಬಂದ ಮೇಲೆ ತಣಿಸುವುದನ್ನು ನಿಲ್ಲಿಸಿ. ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ.

ಮಳೆಗಾಲದಲ್ಲಿ ಗುಡ್ಡಕ್ಕೆ ಹೋದರೆ ನಾಯಿಯ ಹೊಟ್ಟೆ ತುಂಬ ಉಂಬಳ (ಜಿಗಣೆ), ಬೇಸಿಗೆಯಲ್ಲಿ ಹೋದರೆ ಉಣ್ಣೆ. ಹೊಗೆಸೊಪ್ಪಿನ ನೀರು ಹಚ್ಚಬಹುದೇ?
ಎನ್. ಹೆಗಡೆ, ಸಿದ್ದಾಪುರ

ಖಂಡಿತ ಬೇಡ. ನಿಮ್ಮ ಕಾಲಿಗೆ ಹಚ್ಚಿಕೊಂಡರೆ ನೀವು ನೆಕ್ಕುವುದಿಲ್ಲ, ನಾಯಿ ನೆಕ್ಕುತ್ತದೆ. ನಿಕೋಟಿನ್ ನಾಯಿಗೆ ವಿಷ. ಮನುಷ್ಯರು ಸೊಳ್ಳೆ–ಉಣ್ಣೆಗೆ ಹಚ್ಚಿಕೊಳ್ಳುವ ಎಣ್ಣೆ, ಕ್ರೀಮುಗಳೂ ಅದಕ್ಕೆ ಆಗಿಬರುವುದಿಲ್ಲ. ಉಂಬಳ ಕಚ್ಚಿಕೊಂಡರೆ ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಅದರ ಬಾಯಿಯ ಬಳಿ ಚರ್ಮಕ್ಕೆ ಒತ್ತಿ ಸರಿಸಿ, ಕಳಚಿಕೊಳ್ಳುತ್ತದೆ. ಪುಡಿಯುಪ್ಪಿನ ಪೊಟ್ಟಣ ತಾಗಿಸಿದರೂ ಸರಿ, ಆಮೇಲೆ ಆ ಜಾಗ ತೊಳೆಯಿರಿ. ಬೆರಳಸಂದಿ, ಕಿವಿಯ ಒಳಮಡಿಕೆ, ತೊಡೆಸಂದಿ, ತುಟಿಯ ಒಳಗೆ ಹುಡುಕಿ. ಹಳ್ಳದ ನೀರು ಕುಡಿದು ಬಂದ ನಾಯಿ ಕೆಲವು ದಿನಗಳ ಮೇಲೂ ಸೀನುತ್ತ, ಒಂದೇ ಹೊಳ್ಳೆಯಿಂದ ರಕ್ತ ಸುರಿಸುತ್ತಿದ್ದರೆ ಮೂಗಿನೊಳಗೆ ಜಿಗಣೆ ಸೇರಿರಬಹುದು. ಅದನ್ನು ಮನೆಯಲ್ಲಿ ಎಳೆಯಲು ಹೋಗಬೇಡಿ. ನಿಂತ ನೀರಿನಲ್ಲಿ ಇಲಿಜ್ವರದ ಭಯವೂ ಇದೆ, ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಅದು ಸೇರಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಉಣ್ಣೆಯ ವಿಷಯ ನಿಮ್ಮ ಭಾಗದಲ್ಲಿ ನಾಯಿಗಷ್ಟೇ ಸೀಮಿತವಲ್ಲ. ಉಣ್ಣೆ ಕಚ್ಚಿ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಗಿಡ್ಡ ನಾಯಿ ಹೊಟ್ಟೆಯಿಂದ ತರಗೆಲೆ ಗುಡಿಸಿಕೊಂಡು ನಡೆಯುತ್ತದೆ, ಮೈಗೆ ಹತ್ತಿದ್ದನ್ನು ಮನೆಯೊಳಗೆ ತರುತ್ತದೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಆ ತಿಂಗಳುಗಳಲ್ಲಿ ನಾಯಿಯೂ ಬೇಡ, ನೀವೂ ಬೇಡ. ಬೇರೆಡೆ ಹೋಗುವುದಾದರೂ ಪಶುವೈದ್ಯರು ತೂಕ ನೋಡಿ ಕೊಡುವ ಉಣ್ಣೆ ಮಾತ್ರೆಯನ್ನು ಒಂದು ವಾರ ಮೊದಲೇ ಹಾಕಿ. ಹನಿ ಔಷಧ ಬಳಸುವುದಾದರೆ ಪರ್ಮೆಥ್ರಿನ್ ಇದೆಯೇ ನೋಡಿ, ಮನೆಯಲ್ಲಿ ಬೆಕ್ಕಿದ್ದರೆ ಅದು ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಕಚ್ಚಿದ ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ವಾರಗಳಲ್ಲಿ ಜ್ವರ, ಬಿಳಿಚಿದ ಒಸಡು, ಕಾಫಿಬಣ್ಣದ ಮೂತ್ರ ಕಂಡರೆ ಉಣ್ಣೆಜ್ವರದ ರಕ್ತಪರೀಕ್ಷೆ ಮಾಡಿಸಿ.

ಕುಮಾರಪರ್ವತ, ಕುದುರೆಮುಖದಲ್ಲಿ ನಾಯಿಗೆ ಟಿಕೆಟ್ ಬೇಕೇ?
ಓದುಗರು, ಬೆಂಗಳೂರು

ಟಿಕೆಟ್ ಕೊಡುವುದಿಲ್ಲ, ಒಳಗೆ ಬಿಡುವುದೂ ಇಲ್ಲ. ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯದಲ್ಲಿದೆ, ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದು, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಸಾಕುನಾಯಿಯ ಡಿಸ್ಟೆಂಪರ್ ಎಂಬ ವೈರಸ್ ರೋಗ ಕಾಡುಪ್ರಾಣಿಗೆ ಹಬ್ಬಿದರೆ ಏನಾಗುತ್ತದೆ ಎಂಬುದಕ್ಕೆ 2018ರಲ್ಲಿ ಗಿರ್‌ನಲ್ಲಿ ಸತ್ತ ಸಿಂಹಗಳೇ ಸಾಕ್ಷಿ. ನಮ್ಮ ಕಾಡಿನ ಸೀಳುನಾಯಿಗಳಿಗೂ ಅದೇ ರೋಗ ತಗಲುತ್ತದೆ. ಅಲ್ಲಿಗೆ ಒಯ್ಯಲೇಬೇಕೆಂಬ ಹಟವನ್ನು ನಾವು ಬೆಂಬಲಿಸುವುದಿಲ್ಲ. ಸಾವನದುರ್ಗ, ರಾಮನಗರದ ಸುತ್ತಿನ ಬೆಟ್ಟಗಳಲ್ಲಿ ಚಿರತೆ, ಕರಡಿ ಎರಡೂ ಇವೆ. ಚಿರತೆಗೆ ನಾಯಿಯೆಂದರೆ ಇಷ್ಟದ ಬೇಟೆ. ನಸುಕು, ಮುಸ್ಸಂಜೆ ಎರಡೂ ಹೊತ್ತು ಅಲ್ಲಿ ನಾಯಿ ಇರಬಾರದು. ನಾಯಿ ಒಪ್ಪುವ ಹೋಂಸ್ಟೇಗಳ ಕಾಫಿ ತೋಟದ ದಾರಿ, ಊರ ಹಿಂದಿನ ಗೋಮಾಳದ ಗುಡ್ಡ ಇವೇ ಗಿಡ್ಡಕಾಲಿಗೆ ಹೇಳಿಮಾಡಿಸಿದ ಜಾಗ.

ನಮ್ಮ ಡ್ಯಾಶ್‌ಹುಂಡ್ ಬಿಲ ಕಂಡಲ್ಲಿ ತಲೆ ತೂರಿಸುತ್ತದೆ. ಬಿಡಿಸುವುದು ಹೇಗೆ?
ಪಿ. ಎಲ್., ಕನಕಪುರ

ಬಿಡಿಸಲಾಗದು. ಜರ್ಮನಿಯಲ್ಲಿ ಇದನ್ನು ಬೆಳೆಸಿದ್ದೇ ಬಿಲದೊಳಗೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಹೊರಡಿಸಲು. ನಮ್ಮ ಗುಡ್ಡದ ಬಿಲಗಳಲ್ಲಿ ಇರುವುದು ಮುಳ್ಳುಹಂದಿ, ಉಡ, ಇಲ್ಲವೇ ಇಲಿಯ ಹಿಂದೆ ಹೋದ ಹಾವು. ಹುತ್ತ ಕಂಡರೆ ಹಗ್ಗ ಗಿಡ್ಡ ಮಾಡಿ ಇನ್ನೊಂದು ಬದಿಯಿಂದ ನಡೆಯಿರಿ. ಮೂತಿ ಮುಂದಿಟ್ಟು ನಡೆಯುವ ನಾಯಿಗೆ ಹಾವು ಕಚ್ಚುವುದೂ ಮೂತಿಗೇ ಹೆಚ್ಚು, ನೋಡುನೋಡುತ್ತಿದ್ದಂತೆ ಊದುತ್ತದೆ. ಕೊರಳಪಟ್ಟಿ, ಹಾರ್ನೆಸ್ ಕೂಡಲೇ ಬಿಚ್ಚಿ. ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ನಾಯಿಯನ್ನು ನಡೆಸದೆ ಹೊತ್ತು ತನ್ನಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ, ಮನುಷ್ಯರಿಗೆ ಕೊಡುವುದೇ ನಾಯಿಗೂ. ಎಲ್ಲ ಕ್ಲಿನಿಕ್ಕಿನಲ್ಲೂ ಅದು ಇರುವುದಿಲ್ಲ. ಎಲ್ಲಿದೆ ಎಂದು ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ.

ಗುಡ್ಡದ ಮೇಲೆಯೇ ಬೆನ್ನು ಹೋದರೆ? ನೋವಿನ ಮಾತ್ರೆ ಯಾವುದು ಇಟ್ಟುಕೊಳ್ಳಬೇಕು?
ಆರ್. ಡಿ., ಧಾರವಾಡ

ಯಾವುದೂ ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವೆಲ್ಲ ನಾಯಿಯ ಯಕೃತ್ತು, ಹೊಟ್ಟೆ, ಮೂತ್ರಪಿಂಡಕ್ಕೆ ಕುತ್ತು. ಮಾತ್ರೆ ಹಾಕಿ ಬಂದ ನಾಯಿಗೆ ವೈದ್ಯರು ಬೇಕಾದ ಔಷಧ ಕೊಡಲೂ ಹಿಂದೆಮುಂದೆ ನೋಡಬೇಕಾಗುತ್ತದೆ.

ಬೆನ್ನು ಹೋಗುವ ಮೊದಲು ನಾಯಿ ಸುಳಿವು ಕೊಡುತ್ತದೆ. ದಿನಾ ಹತ್ತುವ ಮೆಟ್ಟಿಲ ಮುಂದೆ ನಿಂತು ನಿಮ್ಮ ಮುಖ ನೋಡುತ್ತದೆ. ಬೆನ್ನು ಗೂನಾಗುತ್ತದೆ, ಎತ್ತಹೋದರೆ ಕುಂಯ್ ಎನ್ನುತ್ತದೆ, ಹೊಟ್ಟೆ ಬಿಗಿಹಿಡಿಯುತ್ತದೆ. ಆಮೇಲೆ ಹಿಂಗಾಲಿನ ಉಗುರು ಕಲ್ಲಿಗೆ ಉಜ್ಜಿ ಕರಕರ ಸದ್ದು ಬರುತ್ತದೆ. ಆ ಸದ್ದು ಕೇಳಿದರೆ ನಿಲ್ಲಿಸಿ ಪರೀಕ್ಷೆ ಮಾಡಿ. ನಾಯಿಯನ್ನು ನಿಲ್ಲಿಸಿ, ಹೊಟ್ಟೆಗೆ ಆಸರೆ ಕೊಟ್ಟು, ಹಿಂಗಾಲಿನ ಪಾದವನ್ನು ಮಗುಚಿ ಮೇಲ್ಮೈ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಪಾದ ತಿರುಗಿಸಿಕೊಳ್ಳುತ್ತದೆ. ಹಾಗೇ ಬಿಟ್ಟುಕೊಂಡು ನಿಂತರೆ ಬೆನ್ನುಹುರಿ ಒತ್ತಿಹೋಗಿದೆ.

ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ನಡೆಸಬೇಡಿ. ನೋವಿನಲ್ಲಿರುವ ನಾಯಿ ಯಜಮಾನರನ್ನೂ ಕಚ್ಚುತ್ತದೆ, ಬ್ಯಾಂಡೇಜ್ ಬಟ್ಟೆಯಿಂದ ಮೂತಿ ಸಡಿಲವಾಗಿ ಕಟ್ಟಿ. ಏದುಸಿರು ಬಿಡುತ್ತಿದ್ದರೆ, ವಾಂತಿ ಬರುವಂತಿದ್ದರೆ ಕಟ್ಟಬೇಡಿ. ಯೋಗ ಮ್ಯಾಟನ್ನು ಎರಡು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ಹೆಗಲು ಮತ್ತು ಸೊಂಟದ ಕೆಳಗೆ ಕೈಕೊಟ್ಟು ಒಟ್ಟಿಗೆ ಅದರ ಮೇಲೆ ಜಾರಿಸಿ. ಪಂಚೆಯಿಂದ ಮ್ಯಾಟಿನ ಸಮೇತ ಎರಡು ಕಡೆ ಸುತ್ತಿ ಕಟ್ಟಿ, ಇಬ್ಬರು ಹಿಡಿದು ಇಳಿಯಿರಿ. ಕಾಲು ಸ್ವಾಧೀನ ತಪ್ಪಿದ್ದರೆ ‘ನಾಳೆ ನೋಡೋಣ’ ಎನ್ನುವ ಮಾತೇ ಇಲ್ಲ. ಹಿಂಗಾಲಿನ ಬೆರಳು ಬಲವಾಗಿ ಚಿವುಟಿದಾಗ ನೋವಿನ ಅರಿವು ಇರುವವರೆಗೆ ಶಸ್ತ್ರಚಿಕಿತ್ಸೆಯಾದರೆ ಬಹುಪಾಲು ನಾಯಿಗಳು ಮತ್ತೆ ನಡೆಯುತ್ತವೆ. ಆ ಅರಿವೇ ಹೋದ ಮೇಲೆ ಅವಕಾಶ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಗಂಟೆ ಕಳೆದಂತೆ ಇನ್ನೂ ಕುಗ್ಗುತ್ತದೆ. ಬರೀ ನೋವಿದ್ದು ನಡಿಗೆ ಸರಿಯಿದ್ದರೆ ವೈದ್ಯರು ಬೋನಿನ ವಿಶ್ರಾಂತಿ, ಅಂದರೆ ಬೋನಿನೊಳಗೇ ಇರಿಸಿ ಓಡಾಡಲು ಬಿಡದಿರುವುದು, ಹೇಳುತ್ತಾರೆ. ಕನಿಷ್ಠ ನಾಲ್ಕು ವಾರ, ಮೂತ್ರಕ್ಕಷ್ಟೇ ಹೊರಗೆ. ಎರಡನೇ ವಾರಕ್ಕೆ ನಾಯಿ ಲವಲವಿಕೆಯಿಂದ ಕುಣಿಯುತ್ತದೆ, ಮನೆಯವರು ಕರಗಿ ಬಿಟ್ಟುಬಿಡುತ್ತಾರೆ, ಮೂರನೇ ವಾರಕ್ಕೆ ಕಾಲು ಎಳೆಯುತ್ತದೆ.

ಮ್ಯೂನಿಕ್‌ನಲ್ಲಿದ್ದೇವೆ. ಇಲ್ಲಿ ಡ್ಯಾಶ್‌ಹುಂಡ್ ಜೊತೆ ಆಲ್ಪ್ಸ್ ಹತ್ತುವವರು ಬಹಳ. ನಾವೇನು ನೋಡಿಕೊಳ್ಳಬೇಕು?
ಓದುಗರು, ಜರ್ಮನಿ

ಕೇಬಲ್ ಕಾರಿನಲ್ಲಿ ಇಳಿಯಬಹುದಾದ ದಾರಿ ಆರಿಸಿ, ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ನಾಯಿ ಹತ್ತುವುದೆಂದು ತೀರ್ಮಾನಿಸುವ ಮೊದಲೇ ದಾರಿಯಲ್ಲಿ ಕಬ್ಬಿಣದ ಏಣಿ, ತಂತಿಹಗ್ಗದ ಭಾಗ ಇದೆಯೇ ಎಂದು ನಕ್ಷೆಯಲ್ಲಿ ನೋಡಿ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಕರುವಿರುವ ಹಸುಗಳು ನಾಯಿಯನ್ನು ತೋಳವೆಂದೇ ಎಣಿಸುತ್ತವೆ. ದೂರದಿಂದ ಬಳಸಿ ಹೋಗಿ, ಹಗ್ಗ ಗಿಡ್ಡವಿರಲಿ. ಹಸು ನುಗ್ಗಿಯೇ ಬಂದರೆ ಮಾತ್ರ ಹಗ್ಗ ಬಿಟ್ಟುಬಿಡಿ. ಅದರ ಗುರಿ ನಾಯಿ, ಎತ್ತಿಕೊಂಡರೆ ನಿಮ್ಮ ಮೇಲೇ ಬರುತ್ತದೆ. ರಾತ್ರಿ ತಂಗುವ ಗುಡಿಸಲುಗಳಲ್ಲಿ ನಾಯಿ ಬಿಡುತ್ತಾರೆಯೇ ಎಂದು ಮೊದಲೇ ಕೇಳಿ. ಅಲ್ಲಿಯೂ ಉಣ್ಣೆ ಹರಡುವ ಮಿದುಳುಜ್ವರವಿದೆ, ನಮ್ಮ ಮಂಗನ ಕಾಯಿಲೆಯ ವೈರಸ್‌ನ ದಾಯಾದಿ. ಮನುಷ್ಯರಿಗೆ ಲಸಿಕೆ ಸಿಗುತ್ತದೆ, ನೀವು ಹಾಕಿಸಿಕೊಳ್ಳಿ.

ಮರಿಗೆ ಆರು ತಿಂಗಳು. ಯಾವಾಗಿನಿಂದ ಶುರು ಮಾಡಬಹುದು?
ಎ. ಬಿ., ಚಿಕ್ಕಮಗಳೂರು

ಮೂಳೆಯ ಬೆಳವಣಿಗೆ ಮುಗಿಯಲು ವರ್ಷ ತುಂಬಬೇಕು. ಅಲ್ಲಿಯವರೆಗೆ ಸಮತಟ್ಟಿನ ನಡಿಗೆ ಮಾತ್ರ. ಈ ಆರು ತಿಂಗಳಲ್ಲಿ ಹಾರ್ನೆಸ್, ಚೀಲದೊಳಗೆ ಸುಮ್ಮನೆ ಕೂರುವುದು, ಎತ್ತುವಾಗ ಕೊಸರದಿರುವುದು ಇವನ್ನು ಅಭ್ಯಾಸ ಮಾಡಿಸಿ. ತಿಂಡಿಯಾಗಿ ಬೇಯಿಸಿದ ಕೋಳಿ ಚೂರು ಸಾಕು. ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಹಾಕಿದ ಚಿತ್ರಾನ್ನ ಕೊಡಬೇಡಿ.